ಹೆಪಟೈಟಿಸ್ ಬಿ: ಹಳೆಯ ಸೋಂಕು, ಇಂದಿನ ಸಾವು

ವಿಶ್ವ ಆರೋಗ್ಯ ಸಂಸ್ಥೆ 2024ರಲ್ಲಿ ಹೊರತಂದ ಹೆಪಟೈಟಿಸ್ ವರದಿಯಲ್ಲಿ ಒಂದಕ್ಕೊಂದು ಹೊಂದದಂತೆ ಕಾಣುವ ಎರಡು ಲೆಕ್ಕಗಳಿವೆ. ಲಿವರಿಗೆ ತಗಲುವ ವೈರಸ್ ಸೋಂಕಾದ ಹೆಪಟೈಟಿಸ್ ಬಿ ಹೊಸದಾಗಿ ತಗಲುವವರ ಸಂಖ್ಯೆ 2019ರಲ್ಲಿ 15 ಲಕ್ಷ ಇದ್ದದ್ದು 2022ರಲ್ಲಿ 12 ಲಕ್ಷಕ್ಕೆ ಇಳಿದಿದೆ. ಅದೇ ಮೂರು ವರ್ಷಗಳಲ್ಲಿ ಆ ಕಾಯಿಲೆಯಿಂದ ಸಾಯುವವರ ಸಂಖ್ಯೆ 8.2 ಲಕ್ಷದಿಂದ 11 ಲಕ್ಷಕ್ಕೆ ಏರಿದೆ. ಹೆಚ್ಚು ದೇಶಗಳ ಸಮೀಕ್ಷೆ ಕೈಗೆ ಸಿಕ್ಕಂತೆ ಹಳೆಯ ಅಂದಾಜು ತಿದ್ದುಪಡಿ ಆಗುತ್ತದೆ, ಅದರ ಪಾಲೂ ಈ ವ್ಯತ್ಯಾಸದಲ್ಲಿದೆ. ಆದರೂ ಸೋಂಕು ಇಳಿದು ಸಾವು ಏರುವುದು ಈ ರೋಗದ ಮಟ್ಟಿಗೆ ವಿಚಿತ್ರವೇನಲ್ಲ. ಇಂದು ಸಾಯುತ್ತಿರುವವರಲ್ಲಿ ಹೆಚ್ಚಿನವರಿಗೆ ವೈರಸ್ ತಗಲಿದ್ದು ಹುಟ್ಟುವಾಗ, ಇಲ್ಲವೇ ಐದು ವರ್ಷ ತುಂಬುವುದರೊಳಗೆ. ಅದು ಸಿರೋಸಿಸ್ (ಲಿವರ್ ಕಲೆಗಟ್ಟಿ ಗಟ್ಟಿಯಾಗುವುದು) ಅಥವಾ ಲಿವರ್ ಕ್ಯಾನ್ಸರ್ ಆಗಿ ಹೊರಬೀಳಲು ಮೂವತ್ತು, ನಲವತ್ತು, ಐವತ್ತು ವರ್ಷ ಹಿಡಿಯುತ್ತದೆ. ಲಸಿಕೆ ಹೊಸ ಸಾಲವನ್ನು ನಿಲ್ಲಿಸಿತು. ಹಳೆಯ ಸಾಲದ ಬಡ್ಡಿ ಬೆಳೆಯುತ್ತಲೇ ಇದೆ.

ಲಸಿಕೆಯ ಗೆಲುವಿನ ಸಂಭ್ರಮದಲ್ಲಿ, ಲಸಿಕೆಗೂ ಮೊದಲು ಹುಟ್ಟಿದವರನ್ನು ಜಗತ್ತು ಮರೆತುಬಿಟ್ಟಿದೆ ಎಂಬುದು ಈ ಅಂಕಣದ ತಕರಾರು. ಮರೆತದ್ದು ಎಷ್ಟು ಎಂದರೆ, 2022ರಲ್ಲಿ ಈ ವೈರಸ್ ಹೊತ್ತು ಬದುಕುತ್ತಿದ್ದ 25.4 ಕೋಟಿ ಜನರಲ್ಲಿ ಸೋಂಕು ಪತ್ತೆಯಾಗಿದ್ದವರು ಶೇ. 13, ಔಷಧಿ ಪಡೆಯುತ್ತಿದ್ದವರು ಶೇ. 3. ಔಷಧಿ ಅಂದರೆ ದಿನಕ್ಕೊಂದು ಮಾತ್ರೆ, ಅಷ್ಟೇ.

ಈ ರೋಗದಲ್ಲಿ ಎಲ್ಲವೂ ನಿಂತಿರುವುದು ಸೋಂಕು ತಗಲಿದ ವಯಸ್ಸಿನ ಮೇಲೆ. ಹಸುಗೂಸಿಗೆ ತಗಲಿದರೆ ನೂರಕ್ಕೆ ಸುಮಾರು ತೊಂಬತ್ತು ಮಕ್ಕಳಲ್ಲಿ ವೈರಸ್ ಜೀವನಪೂರ್ತಿ ಉಳಿಯುತ್ತದೆ. ಆರೋಗ್ಯವಂತ ವಯಸ್ಕರಿಗೆ ತಗಲಿದರೆ ನೂರಕ್ಕೆ ಐದಕ್ಕಿಂತ ಕಡಿಮೆ ಜನರಲ್ಲಿ ಮಾತ್ರ ಉಳಿಯುತ್ತದೆ. ಇದಕ್ಕೆ ಅರಿಯದೇ ನಡೆದುಹೋದ ಒಂದು ದೊಡ್ಡ ಪುರಾವೆ ಇದೆ. 1942ರಲ್ಲಿ ಅಮೆರಿಕದ ಸೈನಿಕರಿಗೆ ಕೊಟ್ಟ ಹಳದಿ ಜ್ವರದ ಲಸಿಕೆಗೆ ಮನುಷ್ಯರ ರಕ್ತದ ಸೀರಂ ಬೆರೆಸಲಾಗಿತ್ತು, ಅದರಲ್ಲಿ ಈ ವೈರಸ್ ಇತ್ತು. ಸುಮಾರು 50,000 ಸೈನಿಕರು ಕಾಮಾಲೆಯಿಂದ ಆಸ್ಪತ್ರೆ ಸೇರಿದರು. ಸೋಂಕು ತಗಲಿದವರು ಸುಮಾರು 3.3 ಲಕ್ಷ ಎಂದು ದಶಕಗಳ ನಂತರದ ಅಧ್ಯಯನ ಅಂದಾಜು ಮಾಡಿತು. ಅಷ್ಟು ದೊಡ್ಡ ಸೋಂಕಿನಲ್ಲೂ ವೈರಸ್ ಒಳಗೇ ಉಳಿದುಕೊಂಡವರು ಬೆರಳೆಣಿಕೆಯಷ್ಟು. ಆ ಸೈನಿಕರೆಲ್ಲ ಬೆಳೆದ ಗಂಡಸರು. ಕಾಮಾಲೆ ಬಂದು ಹೋಯಿತು, ವೈರಸ್ಸೂ ಹೋಯಿತು. ಕಣ್ಣು ಹಳದಿಯಾಗುವಷ್ಟು ಕಾಯಿಲೆ ಬಿದ್ದವರು ಬಹುಪಾಲು ಪಾರಾಗುತ್ತಾರೆ. ಯಾವ ಲಕ್ಷಣವೂ ಇಲ್ಲದೆ ಬೆಳೆದ ಮಗುವೇ ಐವತ್ತರ ವಯಸ್ಸಿನಲ್ಲಿ ಸಿಕ್ಕಿಬೀಳುತ್ತದೆ. "ನಮಗೆ ಎಂದೂ ಕಾಮಾಲೆ ಬಂದಿಲ್ಲ" ಎನ್ನುವ ಧೈರ್ಯಕ್ಕೆ ಆಧಾರವಿಲ್ಲ.

ಹೀಗೇಕೆ? ಲಿವರ್ ಜೀವಕೋಶವನ್ನು ವೈರಸ್ ನೇರವಾಗಿ ಕೊಲ್ಲುವುದಿಲ್ಲ. ಸೋಂಕಿತ ಕೋಶವನ್ನು ಕೊಲ್ಲುವುದು ನಮ್ಮದೇ ರೋಗನಿರೋಧಕ ವ್ಯವಸ್ಥೆ. ಹಸುಗೂಸಿನ ನಿರೋಧಕ ವ್ಯವಸ್ಥೆ ವೈರಸ್ಸನ್ನು ಪರಕೀಯವೆಂದು ಗುರುತಿಸಿ ಎದುರಿಸುವುದಿಲ್ಲ, ಆದ್ದರಿಂದ ರಕ್ತದಲ್ಲಿ ಕೋಟಿಗಟ್ಟಲೆ ವೈರಸ್ ಇದ್ದರೂ ಲಿವರ್ ಪರೀಕ್ಷೆಗಳು ವರ್ಷಗಟ್ಟಲೆ ಸರಿಯಾಗಿಯೇ ಬರುತ್ತವೆ. ಮುಂದೆ ಯಾವಾಗಲೋ ದಾಳಿ ಶುರುವಾಗುತ್ತದೆ, ನಿಲ್ಲುತ್ತದೆ, ಮತ್ತೆ ಶುರುವಾಗುತ್ತದೆ. ಪ್ರತಿ ದಾಳಿಯೂ ಒಂದಿಷ್ಟು ಗಾಯದ ಕಲೆ ಬಿಟ್ಟುಹೋಗುತ್ತದೆ. ಇದರ ಜೊತೆಗೆ ವೈರಸ್ಸಿನ ಡಿಎನ್‌ಎ ತುಣುಕುಗಳು ನಮ್ಮ ಕ್ರೋಮೋಸೋಮಿನೊಳಗೇ ಸೇರಿಕೊಳ್ಳುತ್ತವೆ. ಬೇರೆ ಲಿವರ್ ಕಾಯಿಲೆಗಳಲ್ಲಿ ಕ್ಯಾನ್ಸರ್ ಸಾಮಾನ್ಯವಾಗಿ ಸಿರೋಸಿಸ್ ಆದ ಮೇಲೆ ಬರುತ್ತದೆ. ಇಲ್ಲಿ ಸಿರೋಸಿಸ್ ಇಲ್ಲದೆಯೂ ಬರಬಹುದು. ಬಾಲ್ಯದಲ್ಲಿ ಸೋಂಕು ತಗಲಿ ಅದು ಉಳಿದುಕೊಂಡವರಲ್ಲಿ, ಚಿಕಿತ್ಸೆ ಇಲ್ಲದಿದ್ದರೆ, ಸುಮಾರು ನಾಲ್ವರಲ್ಲಿ ಒಬ್ಬರು ಸಿರೋಸಿಸ್ ಅಥವಾ ಲಿವರ್ ಕ್ಯಾನ್ಸರಿನಿಂದ ಸಾಯುತ್ತಾರೆ.

ವೈರಸ್ಸಿನ ಗುರುತು ಮೊದಲು ಸಿಕ್ಕಿದ್ದು 1960ರ ದಶಕದಲ್ಲಿ. ಅಮೆರಿಕದ ವಿಜ್ಞಾನಿ ಬರೂಕ್ ಬ್ಲಂಬರ್ಗ್ ಆಸ್ಟ್ರೇಲಿಯಾದ ಮೂಲನಿವಾಸಿಯೊಬ್ಬರ ರಕ್ತದಲ್ಲಿ ಕಂಡ ಹೊಸ ಪ್ರೋಟೀನಿನ ಬಗ್ಗೆ 1965ರಲ್ಲಿ ಪ್ರಕಟಿಸಿದರು; 1976ರಲ್ಲಿ ಅವರಿಗೆ ನೊಬೆಲ್ ಬಂತು. ಅವರ ಹುಟ್ಟುಹಬ್ಬವಾದ ಜುಲೈ 28 ಈಗ ವಿಶ್ವ ಹೆಪಟೈಟಿಸ್ ದಿನ. ವೈರಸ್ಸಿಗೂ ಕ್ಯಾನ್ಸರಿಗೂ ಇರುವ ನಂಟನ್ನು ಅನುಮಾನಕ್ಕೆ ಎಡೆಯಿಲ್ಲದಂತೆ ತೋರಿಸಿದ್ದು ತೈವಾನ್. ಅಲ್ಲಿ ಸಂಶೋಧಕ ಪಾಮರ್ ಬೀಸ್ಲಿ ಮತ್ತು ಸಂಗಡಿಗರು 22,707 ಗಂಡಸರನ್ನು ವರ್ಷಗಳ ಕಾಲ ಗಮನಿಸಿ 1981ರಲ್ಲಿ ಫಲಿತಾಂಶ ಕೊಟ್ಟರು: ವೈರಸ್ ಇರುವವರಿಗೆ ಲಿವರ್ ಕ್ಯಾನ್ಸರ್ ಬರುವ ಸಾಧ್ಯತೆ, ಇಲ್ಲದವರಿಗಿಂತ 200 ಪಟ್ಟಿಗೂ ಹೆಚ್ಚು. ಅದೇ ವರ್ಷ ಅಮೆರಿಕದಲ್ಲಿ ಮೊದಲ ಲಸಿಕೆಗೆ ಪರವಾನಗಿ ಸಿಕ್ಕಿತು. ಅದನ್ನು ತಯಾರಿಸುತ್ತಿದ್ದದ್ದು ಸೋಂಕಿತರ ರಕ್ತದ ಪ್ಲಾಸ್ಮಾದಿಂದ. 1986ರಲ್ಲಿ ಯೀಸ್ಟ್‌ನಲ್ಲಿ ಬೆಳೆಸಿದ ಲಸಿಕೆ ಬಂತು, ಮನುಷ್ಯರ ರಕ್ತ ಬೇಕಾಗದೇ ಹೋಯಿತು.

ತೈವಾನ್ 1984ರಲ್ಲಿ ಸೋಂಕಿತ ತಾಯಂದಿರ ಮಕ್ಕಳಿಗೆ, 1986ರಿಂದ ಎಲ್ಲ ಶಿಶುಗಳಿಗೆ ಲಸಿಕೆ ಹಾಕಿತು. 6ರಿಂದ 14 ವರ್ಷದ ಮಕ್ಕಳಲ್ಲಿ ಲಿವರ್ ಕ್ಯಾನ್ಸರ್ 1981-86ರಲ್ಲಿ ಒಂದು ಲಕ್ಷಕ್ಕೆ 0.70 ಇದ್ದದ್ದು 1990-94ರ ಹೊತ್ತಿಗೆ 0.36ಕ್ಕೆ ಇಳಿಯಿತು. ಲಸಿಕೆಯೊಂದು ಕ್ಯಾನ್ಸರನ್ನು ತಡೆದದ್ದಕ್ಕೆ ಇದೇ ಮೊದಲ ಸ್ಪಷ್ಟ ಸಾಕ್ಷಿ. ಎಲ್ಲ ದೇಶಗಳ ಲಸಿಕೆ ಪಟ್ಟಿಗೂ ಇದು ಸೇರಲಿ ಎಂದು ವಿಶ್ವ ಆರೋಗ್ಯ ಸಂಸ್ಥೆ 1992ರಲ್ಲಿ ಹೇಳಿತು. ಆದರೆ ದೇಶಗಳು ಅದನ್ನು ಪಾಲಿಸಿದ ವೇಗ ಒಂದೇ ಇರಲಿಲ್ಲ. ಭಾರತದಲ್ಲಿ ಪ್ರಾಯೋಗಿಕವಾಗಿ ಶುರುವಾದದ್ದು 2002ರಲ್ಲಿ, ದೇಶಕ್ಕೆಲ್ಲ ವಿಸ್ತರಿಸಿದ್ದು 2011ರಲ್ಲಿ. ಅಂದರೆ ಅಲ್ಲಿ ಹುಟ್ಟಿ ಇಂದು ಇಪ್ಪತ್ತೈದು ದಾಟಿದವರಲ್ಲಿ, ಹಣ ಕೊಟ್ಟು ಹಾಕಿಸಿಕೊಂಡವರನ್ನು ಬಿಟ್ಟರೆ, ಶಿಶುವಾಗಿದ್ದಾಗ ಲಸಿಕೆ ಸಿಕ್ಕವರು ಇಲ್ಲವೆಂದೇ ಲೆಕ್ಕ. ನಮ್ಮ ಓದುಗರಲ್ಲಿ ಬಹಳ ಜನ ಈ ಸಾಲಿನವರು.

ಮಕ್ಕಳ ಪಾಲಿಗೆ ಗೆಲುವು ದೊಡ್ಡದೇ. ಐದು ವರ್ಷದೊಳಗಿನ ಮಕ್ಕಳಲ್ಲಿ ಸೋಂಕು ಲಸಿಕೆಗೆ ಮುನ್ನ ಶೇ. 4.7ರಷ್ಟಿತ್ತು, 2019ರ ಹೊತ್ತಿಗೆ ಶೇ. 1ಕ್ಕಿಂತ ಕೆಳಗೆ ಬಂತು. ಇದರಲ್ಲಿ ಸೂಜಿಯ ಪಾಲನ್ನೂ ಹೇಳಬೇಕು. 2000ನೇ ಇಸವಿಯಲ್ಲಿ ಬಳಸಿದ ಸೂಜಿ-ಸಿರಿಂಜನ್ನೇ ಮತ್ತೆ ಬಳಸಿದ್ದರಿಂದ 2.1 ಕೋಟಿ ಜನರಿಗೆ ಸೋಂಕು ತಗಲಿತ್ತೆಂದು ಅಂದಾಜು. 2010ಕ್ಕೆ ಅದು 17 ಲಕ್ಷದ ಆಸುಪಾಸಿಗೆ ಇಳಿಯಿತು. ಒಮ್ಮೆ ಒತ್ತಿದರೆ ತಾನೇ ಲಾಕ್ ಆಗುವ ಸಿರಿಂಜಿಗೆ ಯಾರೂ ನೊಬೆಲ್ ಕೊಡಲಿಲ್ಲ.

ಸೋರಿಕೆ ಉಳಿದಿರುವುದು ಹೆರಿಗೆ ಕೋಣೆಯಲ್ಲಿ. 2022ರಲ್ಲಿ ಜಗತ್ತಿನ ಶೇ. 84 ಶಿಶುಗಳಿಗೆ ಮೂರು ಡೋಸ್ ಸಿಕ್ಕಿತು. ಹುಟ್ಟಿದ 24 ಗಂಟೆಯೊಳಗೆ ಹಾಕಬೇಕಾದ ಡೋಸ್ ಸಿಕ್ಕಿದ್ದು ಶೇ. 45ಕ್ಕೆ, ಆಫ್ರಿಕಾ ವಲಯದಲ್ಲಿ ಬರೀ ಶೇ. 18ಕ್ಕೆ. ಐದು ರೋಗಗಳಿಗೆ ಒಟ್ಟಿಗೆ ಕೊಡುವ ಪೆಂಟಾವೇಲೆಂಟ್ ಲಸಿಕೆಯನ್ನು ಆರು ವಾರಕ್ಕೆ ಮುಂಚೆ ಹಾಕುವಂತಿಲ್ಲ. ಹುಟ್ಟಿದೊಡನೆ ಹಾಕಲು ಹೆಪಟೈಟಿಸ್ ಬಿ ಒಂದನ್ನೇ ತಡೆಯುವ ಲಸಿಕೆಯನ್ನು ಬೇರೆಯಾಗಿ ತರಿಸಿಡಬೇಕು, ಮನೆಯಲ್ಲಿ ಹೆರಿಗೆಯಾದರೆ ಅಲ್ಲಿಗೆ ಒಯ್ಯಬೇಕು. ಲಸಿಕೆಯನ್ನಿಡುವುದು 2ರಿಂದ 8 ಡಿಗ್ರಿಯಲ್ಲಿ. ಬಿಸಿಯನ್ನು ಇದು ಸಾಕಷ್ಟು ತಾಳುತ್ತದೆ, ತಾಳದಿರುವುದು ಹಿಮಗಟ್ಟುವ ಚಳಿಯನ್ನು. ಹೆಪ್ಪುಗಟ್ಟಿದರೆ ಅದರಲ್ಲಿರುವ ಅಲ್ಯೂಮಿನಿಯಂ ಲವಣ ಗಂಟುಗಟ್ಟಿ ಲಸಿಕೆ ಕೆಲಸಕ್ಕೆ ಬಾರದಾಗುತ್ತದೆ. ಫ್ರಿಜ್ಜಿನಲ್ಲಿ ಐಸಿಗೆ ತಾಗಿಸಿ ಇಟ್ಟು ಕೆಡಿಸುವುದು ಎಲ್ಲೆಡೆ ನಡೆಯುವ ತಪ್ಪು.

ತಾಯಿಗೆ ಸೋಂಕಿದ್ದರೆ ಲಸಿಕೆಯ ಜೊತೆಗೆ ಇನ್ನೊಂದು ತೊಡೆಗೆ 0.5 ಮಿಲಿಲೀಟರ್ ಹೆಪಟೈಟಿಸ್ ಬಿ ಇಮ್ಯುನೊಗ್ಲೋಬ್ಯುಲಿನ್ (ಸಿದ್ಧ ಪ್ರತಿಕಾಯದ ಚುಚ್ಚುಮದ್ದು) ಕೊಡಬೇಕು, ಸಾಧ್ಯವಾದರೆ 12 ಗಂಟೆಯೊಳಗೆ. ಇದಿಷ್ಟೂ ಮಾಡಿದರೂ ಕೆಲವು ಮಕ್ಕಳಿಗೆ ತಗಲುತ್ತದೆ. ಕಾರಣ ಬಹುತೇಕ ಒಂದೇ: ತಾಯಿಯ ರಕ್ತದಲ್ಲಿ ವೈರಸ್ ತೀರಾ ಹೆಚ್ಚು. ಪ್ರತಿ ಮಿಲಿಲೀಟರಿಗೆ 2 ಲಕ್ಷ ಯೂನಿಟ್ ದಾಟಿದ್ದರೆ ಗರ್ಭಿಣಿಗೆ ಕೊನೆಯ ತಿಂಗಳುಗಳಲ್ಲಿ ವೈರಸ್ ತಡೆಯುವ ಟೆನೊಫೊವಿರ್ ಮಾತ್ರೆ ಕೊಡುತ್ತಾರೆ. ಮಗುವಿಗೆ ಮೊಲೆಹಾಲು ನಿಲ್ಲಿಸಬೇಕಿಲ್ಲ. 9ರಿಂದ 12 ತಿಂಗಳಲ್ಲಿ ಮಗುವಿನ ರಕ್ತ ಪರೀಕ್ಷೆ ಮಾಡಿಸುವುದನ್ನು ಮಾತ್ರ ಬಹಳ ಕುಟುಂಬಗಳು ಮರೆಯುತ್ತವೆ.

ಇನ್ನು ದೊಡ್ಡವರ ಪರೀಕ್ಷೆ. ಒಂದೇ ಬಾರಿ ರಕ್ತ ಕೊಟ್ಟು ಮೂರನ್ನು ಕೇಳಿ: ಎಚ್‌ಬಿಎಸ್‌ಎಜಿ (ವೈರಸ್ಸಿನ ಹೊರಮೈ ಪ್ರೋಟೀನು), ಆಂಟಿ-ಎಚ್‌ಬಿಎಸ್ (ಆ ಪ್ರೋಟೀನಿಗೆ ಎದುರಾದ ಪ್ರತಿಕಾಯ), ಆಂಟಿ-ಎಚ್‌ಬಿಸಿ ಟೋಟಲ್ (ವೈರಸ್ಸಿನ ಒಳತಿರುಳಿಗೆ ಎದುರಾದ ಪ್ರತಿಕಾಯ). ಮೊದಲನೆಯದು ಪಾಸಿಟಿವ್ ಎಂದರೆ ವೈರಸ್ ಈಗ ಇದೆ. ಆರು ತಿಂಗಳಾದರೂ ಹಾಗೇ ಇದ್ದರೆ ಅದು ದೀರ್ಘಕಾಲದ ಸೋಂಕು. ಎರಡನೆಯದು ಮಾತ್ರ ಪಾಸಿಟಿವ್ ಇದ್ದರೆ ಲಸಿಕೆಯಿಂದ ಬಂದ ರಕ್ಷಣೆ. ಅಳತೆ 10 ಅಥವಾ ಮೇಲಿರಬೇಕು. ಎರಡನೆಯದೂ ಮೂರನೆಯದೂ ಪಾಸಿಟಿವ್, ಮೊದಲನೆಯದು ನೆಗೆಟಿವ್ ಎಂದಾದರೆ ಸೋಂಕು ಎಂದೋ ಬಂದು ವಾಸಿಯಾಗಿದೆ. ಮೂರೂ ನೆಗೆಟಿವ್ ಆದರೆ ಲಸಿಕೆ ಹಾಕಿಸಿಕೊಳ್ಳಬೇಕು: ಇಂದು, ಒಂದು ತಿಂಗಳಿಗೆ, ಆರು ತಿಂಗಳಿಗೆ, ಭುಜದ ಸ್ನಾಯುವಿಗೆ. ಪೃಷ್ಠಕ್ಕೆ ಹಾಕಿದರೆ ಕೊಬ್ಬಿನಲ್ಲಿ ಉಳಿದು ಪ್ರತಿಕಾಯ ಸರಿಯಾಗಿ ಹುಟ್ಟುವುದಿಲ್ಲ. ರಕ್ತ ಕೊಟ್ಟ ಮೇಲೇ ಮೊದಲ ಚುಚ್ಚುಮದ್ದು ತೆಗೆದುಕೊಳ್ಳಿ. ಲಸಿಕೆ ಹಾಕಿದ ಎರಡು ಮೂರು ವಾರ ಎಚ್‌ಬಿಎಸ್‌ಎಜಿ ಸುಳ್ಳೇ ಪಾಸಿಟಿವ್ ಬಂದು ಇಡೀ ಮನೆಯನ್ನು ಹೆದರಿಸಬಹುದು. ಆಂಟಿ-ಎಚ್‌ಬಿಎಸ್ ಒಂದನ್ನೇ ಮಾಡಿಸಿ "ಪ್ರತಿಕಾಯ ಇಲ್ಲ, ಲಸಿಕೆ ಹಾಕಿಸಿ" ಎಂದು ಕಳಿಸುವುದು ಇನ್ನೊಂದು ತಪ್ಪು: ಒಳಗೆ ವೈರಸ್ ಇರುವವರಿಗೂ ಆ ಪ್ರತಿಕಾಯ ಇರುವುದಿಲ್ಲ, ಲಸಿಕೆ ಅವರಿಗೆ ಯಾವ ಉಪಯೋಗಕ್ಕೂ ಬಾರದು.

ಪಾಸಿಟಿವ್ ಬಂದವರು ತಟ್ಟೆ ಲೋಟ ಬೇರೆ ಮಾಡಿಕೊಳ್ಳಬೇಕಿಲ್ಲ. ಊಟ, ಅಪ್ಪುಗೆ, ಕೆಮ್ಮಿನಿಂದ ಇದು ಹರಡುವುದಿಲ್ಲ. ರೇಜರ್, ಹಲ್ಲುಜ್ಜುವ ಬ್ರಷ್, ಉಗುರು ಕತ್ತರಿ ಬೇರೆ ಇರಲಿ, ಏಕೆಂದರೆ ಒಣಗಿದ ರಕ್ತದ ಕಲೆಯಲ್ಲೂ ವೈರಸ್ ಏಳು ದಿನ ಬದುಕುತ್ತದೆ. ಗಂಡ ಅಥವಾ ಹೆಂಡತಿ, ಮಕ್ಕಳು, ಅಣ್ಣತಮ್ಮ, ಅಕ್ಕತಂಗಿ, ತಾಯಿ ಎಲ್ಲರೂ ಅದೇ ಮೂರು ಪರೀಕ್ಷೆ ಮಾಡಿಸಲಿ. ಒಬ್ಬರಲ್ಲಿ ಸಿಕ್ಕಿದರೆ ಒಡಹುಟ್ಟಿದವರಲ್ಲೂ ಸಿಗುವುದು ಅಪರೂಪವಲ್ಲ. ತಾಯಿಯಿಂದ ಬಂದಿದ್ದರೆ ಎಲ್ಲರಿಗೂ ದಾರಿ ಅದೇ.

ಚಿಕಿತ್ಸೆ ಯಾರಿಗೆ ಎಂಬ ಗೆರೆಯನ್ನು 2024ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಸಡಿಲಿಸಿದೆ. ವೈರಸ್ ಡಿಎನ್‌ಎ ಮಿಲಿಲೀಟರಿಗೆ 2,000 ಯೂನಿಟ್ ದಾಟಿ, ಲಿವರಿಗೆ ಪೆಟ್ಟಾದಾಗ ರಕ್ತದಲ್ಲಿ ಏರುವ ಎಎಲ್‌ಟಿ ಎಂಬ ಕಿಣ್ವವೂ ಹೆಚ್ಚಿದ್ದರೆ ಔಷಧಿ. ಇಲ್ಲೊಂದು ಎಡವಟ್ಟು ಆಗುತ್ತದೆ. ಈ ನಿಯಮದ ಪ್ರಕಾರ ಎಎಲ್‌ಟಿಯ ಮೇಲ್ಮಿತಿ ಗಂಡಸರಿಗೆ 30, ಹೆಂಗಸರಿಗೆ 19. ಎಷ್ಟೋ ಲ್ಯಾಬುಗಳು 40ರವರೆಗೂ ನಾರ್ಮಲ್ ಎಂದೇ ಅಚ್ಚು ಹಾಕುತ್ತವೆ. 34 ಬಂದ ಮಹಿಳೆಗೆ ವರದಿ "ಸರಿಯಿದೆ" ಎನ್ನುತ್ತದೆ, ಸರಿಯಿಲ್ಲ. ಲಿವರಿನಲ್ಲಿ ಕಲೆ ಬಿದ್ದಿದ್ದರೆ ಡಿಎನ್‌ಎ ಎಷ್ಟಿದ್ದರೂ ಔಷಧಿ ಬೇಕು. ಕಲೆಯ ಅಂದಾಜಿಗೆ ಎಪಿಆರ್‌ಐ ಎಂಬ ಲೆಕ್ಕವನ್ನು ಮನೆಯಲ್ಲೇ ಹಾಕಬಹುದು: ಎಎಸ್‌ಟಿಯನ್ನು (ಎಎಲ್‌ಟಿಯಂಥದೇ ಇನ್ನೊಂದು ಕಿಣ್ವ) ಲ್ಯಾಬಿನ ಮೇಲ್ಮಿತಿಯಿಂದ ಭಾಗಿಸಿ, 100ರಿಂದ ಗುಣಿಸಿ, ಪ್ಲೇಟ್‌ಲೆಟ್ ಸಂಖ್ಯೆಯಿಂದ (ಸಾವಿರಗಳಲ್ಲಿ) ಭಾಗಿಸಿ. ಎಎಸ್‌ಟಿ 48, ಮೇಲ್ಮಿತಿ 40, ಪ್ಲೇಟ್‌ಲೆಟ್ 150 ಸಾವಿರ ಎಂದರೆ ಉತ್ತರ 0.8. 0.5 ದಾಟಿದರೆ ವೈದ್ಯರೊಡನೆ ಔಷಧಿಯ ಮಾತೆತ್ತಿ. ಮನೆತನದಲ್ಲಿ ಲಿವರ್ ಕ್ಯಾನ್ಸರ್ ಇದ್ದರೂ ಅದೇ ಮಾತು.

ಟೆನೊಫೊವಿರ್ ಅಥವಾ ಎಂಟೆಕಾವಿರ್ ವೈರಸ್ ಬೆಳೆಯದಂತೆ ಹಿಡಿದಿಡುತ್ತವೆ, ಬೇರುಸಹಿತ ಕೀಳುವುದಿಲ್ಲ. ಕೋಶದ ಕೇಂದ್ರದಲ್ಲಿ ಉಂಗುರದ ಆಕಾರದಲ್ಲಿ ಕುಳಿತ ವೈರಸ್ಸಿನ ಡಿಎನ್‌ಎಗೆ ಅವು ತಾಗುವುದಿಲ್ಲ. ರಿಪೋರ್ಟು ಚೆನ್ನಾಗಿ ಬಂತೆಂದು ತಾವಾಗಿಯೇ ಮಾತ್ರೆ ಬಿಟ್ಟವರಲ್ಲಿ ವೈರಸ್ ಒಮ್ಮೆಗೇ ಉಕ್ಕಿ ಲಿವರ್ ವಿಫಲವಾದದ್ದುಂಟು. ಸಿರೋಸಿಸ್ ಆಗಿರುವವರು ಮಾತ್ರೆ ನುಂಗುತ್ತಿದ್ದರೂ ಆರು ತಿಂಗಳಿಗೊಮ್ಮೆ ಅಲ್ಟ್ರಾಸೌಂಡ್ ತಪ್ಪಿಸಬಾರದು. ಕ್ಯಾನ್ಸರ್ ಸಾಧ್ಯತೆಯನ್ನು ಔಷಧಿ ತಗ್ಗಿಸುತ್ತದೆ, ಅಳಿಸುವುದಿಲ್ಲ.

ಕೊನೆಯದು, ಸೋಂಕು ವಾಸಿಯಾಗಿದೆ ಎಂದು ವರದಿ ಬಂದವರಿಗೆ. ಕೀಮೋಥೆರಪಿ, ಹೆಚ್ಚು ಪ್ರಮಾಣದ ಸ್ಟೆರಾಯ್ಡ್, ಮುಖ್ಯವಾಗಿ ರೋಗನಿರೋಧಕ ಕೋಶಗಳನ್ನು ಅಳಿಸುವ ರಿಟುಕ್ಸಿಮ್ಯಾಬ್‌ನಂಥ ಔಷಧಿ ಶುರುಮಾಡುವ ಮುನ್ನ ಆಂಟಿ-ಎಚ್‌ಬಿಸಿ ಪಾಸಿಟಿವ್ ಇರುವುದನ್ನು ವೈದ್ಯರಿಗೆ ಹೇಳಿ. ಮಲಗಿದ್ದ ವೈರಸ್ ಆಗ ಏಳಬಹುದು. ರಿಟುಕ್ಸಿಮ್ಯಾಬ್ ತೆಗೆದುಕೊಳ್ಳುವವರಿಗೆ ಮೊದಲೇ ವೈರಸ್ ತಡೆಯುವ ಮಾತ್ರೆ ಶುರುಮಾಡಿ, ಆ ಚಿಕಿತ್ಸೆ ಮುಗಿದ ಮೇಲೂ ಕನಿಷ್ಠ 12 ತಿಂಗಳು ಮುಂದುವರಿಸುತ್ತಾರೆ.