ಟೊಂಕ ನೋವಿದ್ದವರು ಓದ್ರಿ

ಎಲ್ಲರಿಗೂ ಶರಣು. ತೊಗರಿ ಕೊಯ್ಲು ಸುರು ಆಗ್ಯಾದ. ಬಗ್ಗಿ ಕೊಯ್ಯೋರು, ದಾಲ್ ಮಿಲ್‌ದಾಗ ಚೀಲ ಹೊರೋರು, ಶಹಾಬಾದ್ ಕಡೆ ಫರಸಿ ಎತ್ತೋರು ನಮ್ಮ ಗುಂಪಿನಾಗೇ ಭಾಳ ಮಂದಿ ಇದ್ದೀರಿ.

ನೋವು 12 ವಾರ ದಾಟಿದ್ರ ಅದು ದೀರ್ಘಕಾಲದ್ದು. 2020ರಾಗ ಜಗತ್ತಿನಾಗ ಸುಮಾರು 61.9 ಕೋಟಿ ಮಂದಿಗೆ ಟೊಂಕ ನೋವಿತ್ತು, ಅದರಾಗ ಹೆಣ್ಮಕ್ಕಳೇ ಹೆಚ್ಚು. ನಮ್ಮವ್ವನೂ ವರ್ಷಗಟ್ಟಲೆ ಯಾರಿಗೂ ಹೇಳದೆ ತಡಕೊಂಡಾಳ. ಹಂಗ ಮಾಡಬ್ಯಾಡ್ರಿ.

ಭಾರ ಎತ್ತೋದಷ್ಟೇ ಅಲ್ಲ, ಬೀಡಿ-ಸಿಗರೇಟ್, ಹೆಚ್ಚಿದ ಮೈತೂಕ, ಮನಸ್ಸಿನ ಚಿಂತಿನೂ ಇದನ್ನ ಬೆಳಸ್ತಾವ. ಹಾಸಿಗಿ ಹಿಡಿಬ್ಯಾಡ್ರಿ, ಆದಷ್ಟು ಅಡ್ಡಾಡ್ರಿ. ಚೀಲ ಎತ್ತುವಾಗ ಮೊಣಕಾಲು ಮಡಚಿ, ಮೈಗೆ ಹತ್ತಿಸಿಕೊಂಡು ಎತ್ರಿ.

ಕಾಲಾಗಿನ ಶಕ್ತಿ ಹೋದ್ರ, ತೊಡಿಸಂದಿ ಜೋಮು ಹಿಡಿದ್ರ, ಉಚ್ಚಿ ಹಿಡಿತ ತಪ್ಪಿದ್ರ ಅವತ್ತೇ ದವಾಖಾನಿಗೆ ಹೋಗ್ರಿ.