ಕೇಳದೆ ಬಿಚ್ಚಿದ ಸೆಲೊಫೇನ್ ಕವರ್, ಹಾಳಾದ ಸಿಗಾರ್: ನಿಮ್ಮ ಲಾಕರ್ ಸೇವೆಯ ಬಗ್ಗೆ ದೂರು

ಇವರಿಗೆ,
ವ್ಯವಸ್ಥಾಪಕರು,
ಸಿಗಾರ್ ಲಾಂಜ್ ಮತ್ತು ಲಾಕರ್ ವಿಭಾಗ,
ಬೆಂಗಳೂರು

ಮಾನ್ಯರೇ,

ನಿಮ್ಮ ವಾಕ್-ಇನ್ ಹ್ಯುಮಿಡಾರ್‌ನಲ್ಲಿ (ಸಿಗಾರ್‌ಗಳನ್ನು ಹದವಾದ ತೇವದಲ್ಲಿ ಕಾಪಾಡುವ ಕೋಣೆ) ನನ್ನದೊಂದು ಲಾಕರ್ ಇದೆ. ವರ್ಷದ ಬಾಡಿಗೆ ಮೊದಲೇ ಕಟ್ಟಿದ್ದೇನೆ, ರಸೀದಿಯ ಪ್ರತಿ ಇದರ ಜೊತೆಗಿದೆ. ಮಳೆಗಾಲ ಪೂರ್ತಿ ನಾನು ಊರಲ್ಲಿ ಇರಲಿಲ್ಲ. ಕಳೆದ ಶನಿವಾರ ಬಂದು ಲಾಕರ್ ತೆಗೆದರೆ, ಒಳಗಿದ್ದ 26 ಸಿಗಾರ್‌ಗಳಲ್ಲಿ ಒಂದಕ್ಕೂ ಸೆಲೊಫೇನ್ ಕವರ್ ಇಲ್ಲ. ಎಲ್ಲವನ್ನೂ ಬಿಚ್ಚಿ, ಒಂದರ ಮೇಲೊಂದು ಒತ್ತಿ ಜೋಡಿಸಿದ್ದಾರೆ. 11 ಸಿಗಾರ್‌ಗಳ ಹೊರ ಎಲೆ ಸೀಳಿದೆ. ಉಳಿದವುಗಳಲ್ಲಿ ಹೆಚ್ಚಿನವಕ್ಕೆ ವೆನಿಲ್ಲಾ ವಾಸನೆ ಹತ್ತಿದೆ.

ಕೌಂಟರ್‌ನಲ್ಲಿ ಕೇಳಿದೆ. ಅಲ್ಲಿದ್ದವರು ಹೇಳಿದ್ದು ಇಷ್ಟು: "ಸರ್, ಪ್ಲಾಸ್ಟಿಕ್ ಒಳಗೆ ಸಿಗಾರ್‌ಗೆ ಉಸಿರು ಕಟ್ಟುತ್ತೆ. ಹ್ಯುಮಿಡಾರ್‌ನಲ್ಲಿ ಇಡೋದಾದ್ರೆ ಕವರ್ ತೆಗೀಲೇಬೇಕು. ಎಲ್ಲರದ್ದೂ ತೆಗೆದಿದ್ದೀವಿ." ಮಾಸ್ಟರ್ ಕೀ ಹಾಕಿ ನನ್ನ ಲಾಕರ್ ತೆರೆದಿದ್ದಾರೆ. ಒಂದು ಫೋನ್ ಇಲ್ಲ, ಮೆಸೇಜ್ ಇಲ್ಲ. ಬಾಡಿಗೆ ಕರಾರಿನಲ್ಲಿ ಇಂಥ ಮಾತು ಎಲ್ಲೂ ಇಲ್ಲ, ಮತ್ತೆ ಓದಿ ನೋಡಿದ್ದೇನೆ.

ಅವರು ಕೊಟ್ಟ ಕಾರಣವೂ ಸರಿಯಿಲ್ಲ. ಸೆಲೊಫೇನ್ ಅಂದರೆ ಕಿರಾಣಿ ಅಂಗಡಿಯ ಪ್ಲಾಸ್ಟಿಕ್ ಕವರ್ ಅಲ್ಲ. ಅದು ಮರದ ತಿರುಳಿನ ಸೆಲ್ಯುಲೋಸ್‌ನಿಂದ ಮಾಡಿದ ಹಾಳೆ. ಸಿಗಾರ್‌ಗೆ ಸುತ್ತುವ ಸೆಲೊಫೇನ್ ತೇವವನ್ನು ಪೂರ್ತಿ ತಡೆಯುವುದಿಲ್ಲ, ನಿಧಾನವಾಗಿ ಒಳಗೂ ಹೊರಗೂ ಬಿಡುತ್ತದೆ. ಸಾಲದ್ದಕ್ಕೆ ಕವರ್‌ನ ಒಂದು ತುದಿಯನ್ನು ಸುಮ್ನೆ ಮಡಚಿರುತ್ತಾರೆ, ಅಂಟಿಸಿರುವುದಿಲ್ಲ. ವರ್ಷಗಳು ಕಳೆದ ಹಾಗೆ ಒಳಗಿನ ಎಲೆಯ ಎಣ್ಣೆ ಹೀರಿ ಕವರ್ ಹಳದಿಗೆ ತಿರುಗುತ್ತದೆ. ಉಸಿರು ಕಟ್ಟಿದ್ದರೆ ಸಿಗಾರ್ ಅಷ್ಟು ವರ್ಷ ಚೆನ್ನಾಗಿ ಮಾಗುತ್ತಿತ್ತಾ?

ಕವರ್ ತೆಗೆದು ಇಡುವವರೂ ಇದ್ದಾರೆ, ಅದು ತಪ್ಪು ಅಂತ ನಾನು ಹೇಳುತ್ತಿಲ್ಲ. ಕ್ಯೂಬಾದ ಸಿಗಾರ್‌ಗಳು ಸಾಮಾನ್ಯವಾಗಿ ಕವರ್ ಇಲ್ಲದೆಯೇ ಪೆಟ್ಟಿಗೆಯಲ್ಲಿ ಬರುತ್ತವೆ. ಒಂದೇ ಜಾತಿಯವನ್ನು ಒಟ್ಟಿಗೆ ಕವರ್ ಇಲ್ಲದೆ ಇಟ್ಟರೆ ಬೇಗ ಹದಕ್ಕೆ ಬರುತ್ತವೆ, ಪೆಟ್ಟಿಗೆಯ ಸೀಡರ್ ಮರದ ಘಮವೂ ಹತ್ತುತ್ತದೆ. ಮನೆಯ ಚಿಕ್ಕ ಪೆಟ್ಟಿಗೆಯಲ್ಲಿ ನಾನೂ ಕೆಲವನ್ನು ಹಾಗೆ ಇಟ್ಟಿದ್ದೇನೆ. ಆದರೆ ಅಲ್ಲಿ ಮುಟ್ಟುವವನು ನಾನೊಬ್ಬನೇ, ವಾಸನೆ ಬೆರೆಯುವಂಥದ್ದು ಪಕ್ಕದಲ್ಲಿ ಏನೂ ಇಲ್ಲ. ನಿಮ್ಮಲ್ಲಿ ಹಾಗಲ್ಲ. ಲಾಕರ್‌ಗಳಿಗೆ ಇರುವುದು ಜಾಲರಿ ಬಾಗಿಲು, ಗಾಳಿ ಎಲ್ಲ ಕಡೆ ಓಡಾಡುತ್ತದೆ. ನನ್ನ ಲಾಕರ್‌ನ ಎದುರು ಶೆಲ್ಫ್‌ನಲ್ಲೇ ವೆನಿಲ್ಲಾ, ಕಾಫಿ ಫ್ಲೇವರ್‌ನ ಸಿಗಾರ್‌ಗಳನ್ನು ಬಿಚ್ಚಿದ ಡಬ್ಬದಲ್ಲಿ ಇಟ್ಟಿದ್ದೀರಿ. ಅಂಥ ಜಾಗದಲ್ಲಿ ಆ ತೆಳು ಹಾಳೆಯೇ ನನ್ನ ಸಿಗಾರ್‌ಗಳಿಗೆ ಇದ್ದ ರಕ್ಷಣೆ. ಹುಳ ಬಿದ್ದರೂ ಒಂದರಿಂದ ಇನ್ನೊಂದಕ್ಕೆ ಹರಡುವುದು ಕವರ್ ಇದ್ದಾಗ ಸ್ವಲ್ಪ ನಿಧಾನ.

ಈಗ ಸೀಳಿದವುಗಳ ವಿಷಯ. ಫೋಟೋ ಕಳಿಸಿದ್ದೇನೆ, ದಯವಿಟ್ಟು ದೊಡ್ಡದು ಮಾಡಿ ನೋಡಿ. ಹಚ್ಚುವ ತುದಿಯಿಂದ ಶುರುವಾದ ಸೀಳು ಕೆಲವದರಲ್ಲಿ ಅರ್ಧದವರೆಗೆ ಬಂದಿದೆ. ಸೀಳಿನ ಅಂಚು ಹೊರಗೆ ಸುರುಳಿ ತಿರುಗಿ, ಒಳಗೆ ತುಂಬಿದ ಎಲೆಯನ್ನು ಹಿಡಿದಿಡುವ ಬೈಂಡರ್ ಎಲೆ ಕಾಣುತ್ತಿದೆ. ಬ್ಯಾಂಡ್ (ಸಿಗಾರ್‌ಗೆ ಸುತ್ತಿದ ಬ್ರ್ಯಾಂಡ್ ಹೆಸರಿನ ಕಾಗದದ ಪಟ್ಟಿ) ಹತ್ತಿರ ಒತ್ತಿದರೆ ಸ್ಪಂಜಿನಂತೆ ಮೆತ್ತಗಿದೆ. ಇವೆಲ್ಲ ಕನೆಕ್ಟಿಕಟ್ ಶೇಡ್ ಹೊರ ಎಲೆಯವು. ಆ ಎಲೆಯನ್ನು ಬಟ್ಟೆಯ ಚಪ್ಪರದ ನೆರಳಲ್ಲಿ ಬೆಳೆಯುತ್ತಾರೆ, ಅದಕ್ಕೇ ಅಷ್ಟು ತೆಳು, ಅಷ್ಟು ನಯ. ತೇವ ಜಾಸ್ತಿಯಾದರೆ ಒಳಗೆ ತುಂಬಿದ ಎಲೆ ಉಬ್ಬುತ್ತದೆ. ತೆಳು ಹೊರ ಎಲೆ ಅಷ್ಟು ಹಿಗ್ಗಲಾರದೆ ಬಿರಿಯುತ್ತದೆ. ಕವರ್ ಇದ್ದಿದ್ದರೆ ಈ ಏರುಪೇರು ಮೆಲ್ಲಗೆ ತಾಗುತ್ತಿತ್ತು.

ತೇವ ಜಾಸ್ತಿಯಾಗಿದ್ದು ಖಂಡಿತ. ಹ್ಯುಮಿಡಾರ್‌ನಲ್ಲಿ 65ರಿಂದ 70 ಶೇಕಡಾ ತೇವಾಂಶ ಇರಬೇಕು, ನಿಮ್ಮ ಬೋರ್ಡಿನಲ್ಲೂ ಹಾಗೇ ಬರೆದಿದೆ. ಗೋಡೆಯ ಮುಳ್ಳಿನ ಮೀಟರ್ 68 ತೋರಿಸುತ್ತಿತ್ತು. ನನ್ನ ಡಿಜಿಟಲ್ ಮೀಟರನ್ನು ಲಾಕರ್ ಒಳಗೆ ಇಟ್ಟು ಕಾದೆ, 76 ಬಂತು. ಆ ಮೀಟರನ್ನು ಹಿಂದಿನ ರಾತ್ರಿಯೇ ಉಪ್ಪಿನಲ್ಲಿ ಪರೀಕ್ಷಿಸಿದ್ದೆ. ಮುಚ್ಚಳದಲ್ಲಿ ಒಂದಿಷ್ಟು ಅಡುಗೆ ಉಪ್ಪು, ಅದು ಕೆಸರಿನಂತಾಗುವಷ್ಟು ನೀರು, ಪಕ್ಕದಲ್ಲಿ ಮೀಟರ್, ಎರಡನ್ನೂ ಗಾಳಿಯಾಡದ ಡಬ್ಬದಲ್ಲಿ ಮುಚ್ಚಿಟ್ಟರೆ ಬೆಳಿಗ್ಗೆಗೆ 75 ತೋರಿಸಬೇಕು. ನನ್ನದು ಸರಿಯಾಗಿ 75 ತೋರಿಸಿತು. ನಿಮ್ಮ ಗೋಡೆಯ ಮೀಟರನ್ನೂ ಇಳಿಸಿ ಇದೇ ಪರೀಕ್ಷೆ ಮಾಡಿ.

ನಮ್ಮ ಊರು ಹುಣಸೂರು ಕಡೆ. ಮನೆಯಲ್ಲಿ ಹೊಗೆಸೊಪ್ಪು ಬೆಳೆಯುತ್ತಾರೆ. ಅದು ಸಿಗರೇಟಿಗೆ ಹೋಗುವ ಎಲೆ, ಸಿಗಾರ್‌ನದಲ್ಲ. ಆದರೂ ಎಲೆಯ ಗುಣ ಗೊತ್ತು. ಬ್ಯಾರನ್‌ನಲ್ಲಿ (ಎಲೆಗೆ ಬಿಸಿ ಕೊಡುವ ಕಟ್ಟಡ) ಬೇಯಿಸಿ ಒಣಗಿಸಿದ ಮೇಲೆ ಬಾಗಿಲು ತೆರೆದು, ಗಾಳಿಯ ತೇವಕ್ಕೆ ಎಲೆ ಹದ ಬರುವವರೆಗೆ ಯಾರೂ ಕೈ ಹಾಕುವುದಿಲ್ಲ. ಅವಸರ ಮಾಡಿದರೆ ಕೈಯಲ್ಲೇ ಪುಡಿ. ತೇವ ಹೆಚ್ಚಿದ್ದಾಗ ಕಟ್ಟಿಟ್ಟರೆ ಬೂಸ್ಟು. ಹೊಗೆಸೊಪ್ಪು ಮುಟ್ಟುವ ಪ್ರತಿ ಕೆಲಸದವರಿಗೂ ಅಲ್ಲಿ ಇದು ಗೊತ್ತು. ದುಬಾರಿ ಬಾಡಿಗೆ ಪಡೆದು ಎಲೆ ಕಾಯುವ ನಿಮ್ಮಲ್ಲಿ ಅಷ್ಟು ಎಚ್ಚರ ಇರಬೇಕು, ಅಲ್ವಾ?

ನನಗೆ ತುಂಬಾ ಬೇಸರ ತಂದದ್ದು ಇನ್ನೊಂದಿದೆ. ಪ್ರತಿ ಕವರ್ ಮೇಲೂ ಕೊಂಡ ತಿಂಗಳು, ವರ್ಷ ಸಣ್ಣದಾಗಿ ಮಾರ್ಕರ್‌ನಲ್ಲಿ ಬರೆದಿದ್ದೆ. 2018ರವು ಕೆಲವಿದ್ದವು, ಅವುಗಳ ಕವರ್ ಚೆನ್ನಾಗಿ ಹಳದಿ ತಿರುಗಿತ್ತು. ಹೋದ ವರ್ಷದವೂ ಅದೇ ಬ್ರ್ಯಾಂಡ್, ಅದೇ ಬ್ಯಾಂಡ್. ಈಗ ಯಾವುದು ಯಾವ ವರ್ಷದ್ದು ಹೇಗೆ ಹೇಳಲಿ? ಕವರ್‌ಗಳನ್ನು ಕಸಕ್ಕೆ ಹಾಕಿದ್ದಾರಂತೆ. ವರ್ಷಗಟ್ಟಲೆ ಕಾದು ಮಾಗಿಸಿದ್ದಕ್ಕೆ ಗುರುತೇ ಉಳಿದಿಲ್ಲ.

ಹಾಳಾದ 11 ಸಿಗಾರ್‌ಗಳ ಬದಲಿಗೆ ಅದೇ ಜಾತಿಯವನ್ನು ಕೊಡಿ, ಇಲ್ಲವೇ ಈಗಿನ ಅಂಗಡಿ ಬೆಲೆ ಕೊಡಿ. ವಾಸನೆ ಹತ್ತಿದವನ್ನು ನಿಮ್ಮಲ್ಲಿ ತಿಳಿದವರೊಬ್ಬರು ನನ್ನೆದುರು ಪರೀಕ್ಷಿಸಲಿ, ಅದರ ಲೆಕ್ಕ ಆಮೇಲೆ ಮಾಡೋಣ. ಈ ವರ್ಷದ ಬಾಡಿಗೆ ವಾಪಸ್ ಬೇಕು. ಫ್ಲೇವರ್ಡ್ ಸಿಗಾರ್‌ಗಳನ್ನು ಬೇರೆ ಕೋಣೆಗೆ ಸಾಗಿಸಿ. ಲಾಕರ್ ಕರಾರಿನಲ್ಲಿ ಕವರ್ ಇರಬೇಕೋ ಬೇಡವೋ ಎಂದು ಗ್ರಾಹಕರೇ ಬರೆದು ಕೊಡಲು ಒಂದು ಸಾಲು ಸೇರಿಸಿ. ನನ್ನ ಹಾಗೆ ಬೇರೆಯವರ ಲಾಕರ್‌ಗಳನ್ನೂ ಬಿಚ್ಚಿದ್ದಾರೆ, ಅವರಲ್ಲಿ ಹಲವರಿಗೆ ಇನ್ನೂ ಗೊತ್ತೇ ಇಲ್ಲ. ಅವರಿಗೂ ತಿಳಿಸಿ.

15 ದಿನದೊಳಗೆ ಬರಹದಲ್ಲಿ ಉತ್ತರ ಬರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸುತ್ತೇನೆ, ಬಳಿಕ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ. ನಮ್ಮಿಬ್ಬರ ನಡುವೆಯೇ ಇದು ಬಗೆಹರಿಯಲಿ ಎಂಬುದು ನನ್ನ ಆಸೆ. ಅಲ್ಲಿಯವರೆಗೆ ನಾನು ಇಲ್ಲದೆ ನನ್ನ ಲಾಕರ್ ಯಾರೂ ತೆರೆಯಬಾರದು.

ಇಂತಿ,
ನಿಮ್ಮ ಲಾಕರ್ ಗ್ರಾಹಕ

ಲಗತ್ತು: ಬಾಡಿಗೆ ರಸೀದಿ, ಕರಾರಿನ ಪ್ರತಿ, ಸಿಗಾರ್‌ಗಳ ಮತ್ತು ಎರಡೂ ಮೀಟರ್‌ಗಳ ಫೋಟೋ