ಏಳು ವಾಟ್ ರೇಡಿಯೊಗೂ ಕಣಿವೆ ದಾಟುವ ಶಕ್ತಿಯಿದೆ

ಮಾನ್ಯ ಸಂಪಾದಕರೇ,

ಆಷಾಢದ ಗಾಳಿ ಎದ್ದಿತೆಂದರೆ ನಿಮ್ಮ ಜಿಲ್ಲಾ ಪುಟದಲ್ಲಿ ಪ್ರತಿವರ್ಷ ಒಂದೇ ಬಗೆಯ ಸುದ್ದಿ. ಮರ ಬಿದ್ದು ಕಂಬ ಮುರಿಯಿತು, ಕರೆಂಟ್ ಇಲ್ಲ, ಟವರ್ ಸತ್ತಿದೆ, ಇಂಥ ಊರಿನವರಿಗೆ ಫೋನ್ ಮಾಡಬೇಕಾದರೆ ಗುಡ್ಡ ಹತ್ತಬೇಕು. ಕೆಳಗೆ ಊರವರ ಬೇಡಿಕೆ: ಇನ್ನೊಂದು ಟವರ್ ಕೊಡಿ. ಆ ಬೇಡಿಕೆ ನ್ಯಾಯವಾದದ್ದೇ, ನನ್ನದೂ ಅದೇ. ಆದರೆ ಟವರ್ ಎಷ್ಟೇ ಬಂದರೂ ಅದಕ್ಕೆ ಕರೆಂಟ್ ಬೇಕು, ನೆಲದಡಿಯ ಕೇಬಲ್ ಬೇಕು, ಆ ಕೇಬಲ್ ಹಾದುಹೋಗುವ ರಸ್ತೆ ಕುಸಿಯದೆ ಉಳಿಯಬೇಕು. ಇದ್ಯಾವುದರ ಹಂಗೂ ಇಲ್ಲದೆ ಹೊರಗಿನವರ ಜೊತೆ ಮಾತಾಡುವ ಒಂದು ದಾರಿಯ ಬಗ್ಗೆ ಬರೆಯುತ್ತಿದ್ದೇನೆ. ನಾನು ಹೊಸನಗರ ತಾಲ್ಲೂಕು ನಗರ ಹೋಬಳಿಯವಳು, ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ಕೇಂದ್ರ ಸರ್ಕಾರದ ಪರವಾನಗಿ ಪಡೆದು ಸ್ವಂತ ಸೆಟ್ಟಿನಿಂದ ದೂರದವರ ಜೊತೆ ಮಾತಾಡುವ ಹವ್ಯಾಸಿ ರೇಡಿಯೊ ಬಳಕೆದಾರಳು, ಅಂದರೆ ಹ್ಯಾಮ್.

ಹ್ಯಾಮ್ ರೇಡಿಯೊ ಎಂದ ಕೂಡಲೇ ಜನ ಎರಡು ಮಾತು ಹೇಳುತ್ತಾರೆ. ಒಂದು, ಅದು ಲಕ್ಷಗಟ್ಟಲೆ ಖರ್ಚಿನ ಶ್ರೀಮಂತರ ಹವ್ಯಾಸ. ಇನ್ನೊಂದು, ನಮ್ಮ ಗುಡ್ಡಗಾಡಿನಲ್ಲಿ ಅದು ಎಲ್ಲಿ ಕೆಲಸ ಮಾಡೀತು? ಎರಡಕ್ಕೂ ಉತ್ತರ ನಮ್ಮ ಜಗಲಿಯ ಮೇಜಿನ ಮೇಲಿದೆ.

ನನ್ನದು ಬಿಟ್‌ಎಕ್ಸ್-40 ಎಂಬ ಬೋರ್ಡು, ಮಾತು ಕಳಿಸುವ ಮತ್ತು ಕೇಳುವ ಎರಡೂ ಕೆಲಸದ ರೇಡಿಯೊ. ಇದನ್ನು ವಿನ್ಯಾಸ ಮಾಡಿದವರು ಹೈದರಾಬಾದಿನ ಹ್ಯಾಮ್ ಅಶ್ಹರ್ ಫರ್ಹಾನ್. ಮೊದಲು ಅವರು ಇಂಥ ರೇಡಿಯೊದ ನಕ್ಷೆಯನ್ನು ಯಾರು ಬೇಕಾದರೂ ಕಟ್ಟಿಕೊಳ್ಳಲಿ ಎಂದು ಎಲ್ಲರಿಗೂ ಬಿಟ್ಟುಕೊಟ್ಟರು. ನಮ್ಮ ದೇಶದ ಅಂಗಡಿಗಳಲ್ಲಿ ಸಿಗುವ ಬಿಡಿಭಾಗಗಳಲ್ಲೇ ಮುಗಿಯಬೇಕು ಎಂಬುದು ಅವರ ಹಟ. ರೇಡಿಯೊಗೆ ಬೇಕಾದ ತಂತಿಯ ಸುರುಳಿ ಸುತ್ತುವುದಕ್ಕೆ ನಲ್ಲಿಯ ವಾಷರ್ ಸಾಕು ಎಂದು ತೋರಿಸಿದರು. ಆಮೇಲೆ ಜೋಡಿಸಿದ ಬೋರ್ಡನ್ನೇ ಮಾರತೊಡಗಿದಾಗ ಅದರ ಸುರುಳಿಗಳನ್ನು ಸುತ್ತಿದ್ದು ಅಲ್ಲಿನ ಮಹಿಳೆಯರ ಒಂದು ಗುಂಪು. ನಾನು ಕೊಂಡಾಗ ಅದರ ಬೆಲೆ ಒಂದು ಸಾಧಾರಣ ಮೊಬೈಲಿಗಿಂತ ಕಡಿಮೆಯಿತ್ತು. ಬರುವುದು ಬೋರ್ಡು ಮಾತ್ರ. ಪೆಟ್ಟಿಗೆ ನಾವೇ ಮಾಡಿಕೊಳ್ಳಬೇಕು. ಹೊಸನಗರದ ರಿಪೇರಿ ಅಂಗಡಿಯಲ್ಲಿ ಮೂಲೆಗೆ ಬಿದ್ದಿದ್ದ ಹಳೆಯ ಟಿವಿ ಸ್ಟೆಬಿಲೈಜರಿನ ತಗಡಿನ ಪೆಟ್ಟಿಗೆ ತಂದು, ಮೈದುನನ ಡ್ರಿಲ್ಲಿಂಗ್ ಮೆಷಿನ್‌ನಲ್ಲಿ ತೂತು ಕೊರೆದು, ಅದರೊಳಗೆ ಕೂರಿಸಿದೆ. ಇವತ್ತಿಗೂ ಅದೇ ಪೆಟ್ಟಿಗೆ.

ಇದರ ಶಕ್ತಿ ಏಳು ವಾಟ್. ಒಂದು ಎಲ್‌ಇಡಿ ಬಲ್ಬಿನಷ್ಟು. ಪೇಟೆಯ ಹ್ಯಾಮ್‌ಗಳ ಸಿದ್ಧ ರೇಡಿಯೊಗಳು ಸಾಮಾನ್ಯವಾಗಿ 100 ವಾಟಿನವು, ನನ್ನದಕ್ಕಿಂತ 14 ಪಟ್ಟು ಹೆಚ್ಚು. ಹಾಗಾದರೆ ನನ್ನ ದನಿ ಅವರಿಗಿಂತ 14 ಪಟ್ಟು ಕ್ಷೀಣವಾಗಿ ಕೇಳುತ್ತದೆಯೇ? ಇಲ್ಲ. ರೇಡಿಯೊದ ಸಿಗ್ನಲ್ ಅಳೆಯುವ ಮಾಪಕದಲ್ಲಿ ಒಂದು ಅಂಕ ಮೇಲೇರಬೇಕಾದರೆ ಶಕ್ತಿ ನಾಲ್ಕು ಪಟ್ಟು ಹೆಚ್ಚಬೇಕು. ಈ ಲೆಕ್ಕದಲ್ಲಿ ನನಗೂ ಅವರಿಗೂ ಇರುವ ಅಂತರ ಹೆಚ್ಚುಕಡಿಮೆ ಎರಡೇ ಅಂಕ. ಅಲೆಗಳು ಚೆನ್ನಾಗಿ ತಲುಪುವ ದಿನ ಆ ಎರಡು ಅಂಕದ ಕೊರತೆ ಯಾರಿಗೂ ತಿಳಿಯುವುದಿಲ್ಲ.

ಗುಡ್ಡದ ಮಾತಿಗೆ ಬರುತ್ತೇನೆ, ಮಲೆನಾಡಿನವರಿಗೆ ಮುಖ್ಯವಾದದ್ದು ಅದೇ. ಪೊಲೀಸರ ಕೈಯಲ್ಲಿ ಕಾಣುವಂಥ ವಾಕಿಟಾಕಿಗಳ ಅಲೆ ಹೆಚ್ಚುಕಡಿಮೆ ನೇರವಾಗಿ ಹೋಗುತ್ತದೆ. ಗುಡ್ಡ ಅಡ್ಡ ಬಂದರೆ ಮುಗಿಯಿತು. ಎತ್ತರದಲ್ಲಿ ರಿಪೀಟರ್, ಅಂದರೆ ಅಲೆಯನ್ನು ಹಿಡಿದು ಮತ್ತೆ ಕಳಿಸುವ ಯಂತ್ರ, ಇಟ್ಟರೆ ಮಾತ್ರ ಆಚೆ ಕಣಿವೆಗೆ ತಲುಪೀತು, ಆ ರಿಪೀಟರಿಗೂ ಕರೆಂಟ್ ಬೇಕು. ನನ್ನ ರೇಡಿಯೊ ಕೆಲಸ ಮಾಡುವುದು 7 ಮೆಗಾಹರ್ಟ್ಜ್‌ನಲ್ಲಿ, ಹ್ಯಾಮ್‌ಗಳು 40 ಮೀಟರ್ ಬ್ಯಾಂಡ್ ಎನ್ನುವ ಜಾಗ. ನಮ್ಮ ದೇಶದಲ್ಲಿ 7.0ರಿಂದ 7.2 ಮೆಗಾಹರ್ಟ್ಜ್‌ವರೆಗೆ ಹ್ಯಾಮ್‌ಗಳಿಗೆ ಕೊಟ್ಟಿದ್ದಾರೆ. ಈ ಅಲೆ ಮೇಲಕ್ಕೆ ಹೋಗಿ, ವಾತಾವರಣದ ಮೇಲ್ಪದರವಾದ ಅಯಾನುಗೋಳಕ್ಕೆ ತಾಗಿ ವಾಪಸು ಬೀಳುತ್ತದೆ. ಅಂಟೆನಾವನ್ನು ಬೇಕೆಂದೇ ತಗ್ಗಿನಲ್ಲಿ ಕಟ್ಟಿದರೆ ಅಲೆ ಬಹುಪಾಲು ನೆತ್ತಿಯ ಕಡೆಗೇ ಏರಿ, ತೋಟದ ಸ್ಪ್ರಿಂಕ್ಲರ್ ನೀರಿನ ಹಾಗೆ ಸುತ್ತಲೂ ಇಳಿಯುತ್ತದೆ. ಸುತ್ತಲೂ ಮುನ್ನೂರು ನಾನೂರು ಕಿಲೋಮೀಟರ್ ದೂರದವರೆಗೆ ಎಲ್ಲರಿಗೂ ಕೇಳುತ್ತದೆ. ನಡುವೆ ಕೊಡಚಾದ್ರಿ ಇದ್ದರೂ ಸರಿ, ಹುಲಿಕಲ್ ಘಾಟಿ ಇದ್ದರೂ ಸರಿ. ನಮ್ಮ ಮನೆ ಇರುವುದು ಮೂರು ಕಡೆ ಗುಡ್ಡ ಕವಿದ ತಗ್ಗಿನಲ್ಲಿ. ಅಲ್ಲಿಂದ ಬೆಂಗಳೂರು, ಹುಬ್ಬಳ್ಳಿ, ಕೇರಳದ ಉತ್ತರ ಭಾಗ ಹಗಲು ಹೊತ್ತಿನಲ್ಲಿ ಸಲೀಸು. ರಾತ್ರಿ ಇಳಿದಂತೆ ಹತ್ತಿರದ ಊರುಗಳು ಮಾಯವಾಗಿ ದೂರದವು ಕೇಳತೊಡಗುತ್ತವೆ. ಆಗ ಅಯಾನುಗೋಳ ತೆಳುವಾಗಿರುತ್ತದೆ, ನೇರ ಮೇಲೇರಿದ ಅಲೆಯನ್ನು ಹಿಂದಕ್ಕೆ ಕಳಿಸುವ ಕಸುವು ಅದಕ್ಕಿರುವುದಿಲ್ಲ.

ಅಂಟೆನಾ ಅಂದರೆ ಒಟ್ಟು 20 ಮೀಟರ್ ತಾಮ್ರದ ತಂತಿ. ನಡುವೆ ಕತ್ತರಿಸಿ ಎರಡು ಕಡೆ ಹತ್ತತ್ತು ಮೀಟರ್. ನಡುವಿನಿಂದ ಮನೆಯೊಳಗೆ ಬರುವ ಕೇಬಲ್ಲಿಗೆ ಟಿವಿ ಡಿಶ್‌ನ ಹಳೆಯ ಕೇಬಲ್ ಬಳಸಿದ್ದೇನೆ. ಅದು 75 ಓಮಿನದು, ಇಂಥ ಅಂಟೆನಾಕ್ಕೆ ಚೆನ್ನಾಗಿ ಒಗ್ಗುತ್ತದೆ. ಕಟ್ಟುವಾಗ ನಮ್ಮ ತೋಟದ ಅಡಿಕೆ ಮರ ಹತ್ತಿ ಕೊನೆ (ಗೊನೆ) ಕೊಯ್ಯುವ ಕೊನೆಗೌಡ ಬಂದು ನೋಡಿ, "ಅಮ್ಮಾ, ಕೊನೆ ಇಳಿಸೋ ಹಗ್ಗಕ್ಕೆ ಇದು ಅಡ್ಡ ಬರ್ತದೆ. ನಡುವಿಂದು ಹಲಸಿನ ಮರಕ್ಕೆ ಕಟ್ಟಿ, ತುದಿ ಎರಡೂ ಆಚೆ ಸಾಲಿಗೆ ಹೋಗ್ಲಿ" ಎಂದ. ಹಾಗೇ ಮಾಡಿದೆವು. ಅಡಿಕೆ ಮರ ಗಾಳಿಗೆ ತೂಗುತ್ತದೆ, ತಂತಿಯನ್ನು ಬಿಗಿದು ಕಟ್ಟಿದರೆ ಮೊದಲ ಮಳೆಗೇ ತುಂಡಾಗುತ್ತದೆ. ಆದ್ದರಿಂದ ತುದಿಯ ನೈಲಾನ್ ಹಗ್ಗವನ್ನು ಸಣ್ಣ ರಾಟೆಯ ಮೇಲಿಂದ ಹಾಯಿಸಿ ಕಲ್ಲು ಕಟ್ಟಿ ನೇತುಬಿಟ್ಟಿದ್ದೇವೆ. ಮರ ತೂಗಿದರೆ ಕಲ್ಲು ಏರುತ್ತದೆ, ಇಳಿಯುತ್ತದೆ, ತಂತಿಗೆ ಏನೂ ಆಗುವುದಿಲ್ಲ.

ಈಗ ಔಷಧಿ ಹೊಡೆಯಲು, ಕೊನೆ ಕೊಯ್ಯಲು ಎಲ್ಲರ ತೋಟಕ್ಕೂ ಕಾರ್ಬನ್ ಫೈಬರ್ ದೋಟಿ, ಅಂದರೆ ಉದ್ದನೆಯ ಕೋಲು, ಬಂದಿದೆ. ಅದನ್ನೇ ಅಂಟೆನಾದ ಕಂಬ ಮಾಡೋಣ ಎಂದು ಯಾರಿಗಾದರೂ ಅನಿಸೀತು. ಬೇಡ. ಕಾರ್ಬನ್ ಫೈಬರ್ ವಿದ್ಯುತ್ತನ್ನು ಹರಿಸುತ್ತದೆ. ಅಂಟೆನಾ ಅದರ ಪಕ್ಕದಲ್ಲಿದ್ದರೆ ಶ್ರುತಿ ಕೆಡುತ್ತದೆ, ಮೇಲಿನ ಕರೆಂಟ್ ಲೈನಿಗೆ ದೋಟಿ ತಾಗಿದರೆ ಹಿಡಿದವರ ಜೀವವೇ ಹೋಗುತ್ತದೆ. ಅಂಟೆನಾದ ತಂತಿಯೂ ಅಷ್ಟೇ, ಕರೆಂಟ್ ಲೈನಿನಿಂದ ದೂರವಿರಬೇಕು. ಚೈತ್ರ ವೈಶಾಖದ ಗುಡುಗಿನ ದಿನಗಳಲ್ಲಿ ಕೇಬಲ್ಲನ್ನು ರೇಡಿಯೊದಿಂದ ಕಿತ್ತು ಮನೆಯ ಹೊರಗೆ ಹಾಕುವುದು ನಮ್ಮ ಮನೆಯಲ್ಲಿ ಕಡ್ಡಾಯ, ಮಗಳೂ ಈ ಕೆಲಸ ಕಲಿತಿದ್ದಾಳೆ.

ಅಗ್ಗದ ರೇಡಿಯೊದಲ್ಲಿ ಕೊರತೆಗಳಿವೆ, ಅವನ್ನೂ ಹೇಳಬೇಕು. ನನ್ನದರಲ್ಲಿ ದನಿಯನ್ನು ತಾನೇ ಹದಕ್ಕೆ ತರುವ ವ್ಯವಸ್ಥೆ ಇಲ್ಲ. ಕ್ಷೀಣವಾದ ಸ್ಟೇಷನ್‌ಗೆ ಕಿವಿಗೊಟ್ಟು ಕೂತಿರುವಾಗ ಹತ್ತಿರದ ಜೋರಿನವರು ಮಾತಾಡಿದರೆ ಕಿವಿ ಗುಂಯ್‌ಗುಡುತ್ತದೆ. ಒಂದು ಕೈ ಸದಾ ವಾಲ್ಯೂಮ್ ಮೇಲಿರಬೇಕು. ಇರುವುದು ಒಂದೇ ಬ್ಯಾಂಡ್. ಅಂಟೆನಾಕ್ಕೆ ಹೋಗುವ ಸಿಗ್ನಲ್ಲಿಗೆ ಶಕ್ತಿ ತುಂಬುವ ಕೊನೆಯ ಟ್ರಾನ್ಸಿಸ್ಟರ್ ಐಆರ್‌ಎಫ್510 ಬಿಸಿಯಾಗುತ್ತದೆ, ಉಷ್ಣ ಹೀರುವ ಅಲ್ಯೂಮಿನಿಯಂ ತುಂಡು ದೊಡ್ಡದೇ ಇರಬೇಕು, ಅಂಟೆನಾ ಸಿಕ್ಕಿಸದೆ ಮೈಕ್ ಒತ್ತಲೇಬಾರದು. ಆದರೆ ಕೆಟ್ಟರೆ ನಾನೇ ಬಿಚ್ಚಿ ಸರಿಮಾಡಬಲ್ಲೆ. ಆ ಟ್ರಾನ್ಸಿಸ್ಟರಿನ ಬೆಲೆ ಹೆಚ್ಚಿನದೇನಲ್ಲ, ನಕ್ಷೆ ನನ್ನ ಬಳಿ ಇದೆ. ಹಳ್ಳಿಯಲ್ಲಿರುವವರಿಗೆ ಇದು ದೊಡ್ಡ ವಿಷಯ ಎಂದು ನನ್ನ ಅಭಿಪ್ರಾಯ.

ಕರೆಂಟ್ ಹೋದಾಗ ಇದು ಇನ್ನೂ ಚೆನ್ನಾಗಿ ಕೇಳುತ್ತದೆ. ನಂಬಲು ಕಷ್ಟವಾದರೂ ನಿಜ. ಅಗ್ಗದ ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರ್, ಇನ್ವರ್ಟರ್ ಎಲ್ಲವೂ ಈ ಬ್ಯಾಂಡಿನಲ್ಲಿ ಗದ್ದಲ ಎಬ್ಬಿಸುತ್ತವೆ. ಇಡೀ ಕೇರಿಯ ಕರೆಂಟ್ ಹೋದರೆ ಆ ಗದ್ದಲ ಒಮ್ಮೆಲೇ ಇಲ್ಲವಾಗಿ, ಅದರಡಿ ಹೂತಿದ್ದ ಸ್ಟೇಷನ್‌ಗಳು ಮೇಲೆ ಬರುತ್ತವೆ. ರೇಡಿಯೊಗೆ ಬೇಕಾದದ್ದು 12 ವೋಲ್ಟಿನ ಬ್ಯಾಟರಿ. ಕೇಳುವಾಗ ಅರ್ಧ ಆಂಪಿಯರ್ ಕೂಡ ಎಳೆಯುವುದಿಲ್ಲ. ಸೋಲಾರ್ ದೀಪದ ಬ್ಯಾಟರಿ ನಮ್ಮ ಕಡೆ ಅನೇಕ ಮನೆಗಳಲ್ಲಿದೆ.

2019ರ ಆಗಸ್ಟ್ ನೆನಪಿರುವವರಿಗೆ ಹೆಚ್ಚು ಹೇಳಬೇಕಿಲ್ಲ. ತುಂಗೆ ಶಿವಮೊಗ್ಗದ ಬಡಾವಣೆಗಳಿಗೆ ನುಗ್ಗಿದ ಮಳೆ ಅದು. ನಮ್ಮಲ್ಲಿ ಕರೆಂಟ್, ಫೋನ್ ಎರಡೂ ಇರಲಿಲ್ಲ. ಟಿವಿಯಲ್ಲಿ ಮಲೆನಾಡಿನ ದೃಶ್ಯ ನೋಡಿದ ಬೆಂಗಳೂರಿನ ಮಕ್ಕಳು ಊರಿಗೆ ಫೋನ್ ಹತ್ತದೆ ಕಂಗಾಲಾಗಿದ್ದರು. ಬೆಳಿಗ್ಗೆ ರೇಡಿಯೊ ಹಾಕಿ ಕರೆದೆ. ಬೆಂಗಳೂರಿನ ಹಿರಿಯ ಹ್ಯಾಮ್ ಒಬ್ಬರು ಉತ್ತರ ಕೊಟ್ಟರು. ಸುದ್ದಿ ತಿಳಿದು ಕೇರಿಯವರು ಕಂಬಳಿಕೊಪ್ಪೆ ಹಾಕಿಕೊಂಡು ಚೀಟಿಯಲ್ಲಿ ಮಕ್ಕಳ ಫೋನ್ ನಂಬರ್ ಬರೆದು ತಂದರು. ನಾನು ಒಂದೊಂದೇ ಅಂಕಿ ಬಿಡಿಸಿ ಓದುವುದು, ಬೆಂಗಳೂರಿನ ಆ ಹ್ಯಾಮ್ ಮರುಓದಿ ಹೇಳುವುದು, ಆಮೇಲೆ ಆ ಮನೆಗಳಿಗೆ ಫೋನ್ ಮಾಡಿ, "ನಿಮ್ಮ ಅಪ್ಪ ಅಮ್ಮ ಆರಾಮಿದ್ದಾರೆ, ದನಕರು ಕ್ಷೇಮ, ತೋಟಕ್ಕೆ ನೀರು ನುಗ್ಗಿದೆ, ರಸ್ತೆ ಇಲ್ಲ, ಈಗಲೇ ಹೊರಟು ಬರಬೇಡಿ" ಎಂದು ಅವರು ತಿಳಿಸುವುದು. ಪಕ್ಕದ ಮನೆಯ ಅಜ್ಜಿ ಬಾಗಿಲಲ್ಲೇ ನಿಂತು, ಮಗ ಏನಂದ ಎಂದು ತಿಳಿಯುವವರೆಗೆ ಕದಲಲಿಲ್ಲ. ಆ ಹೊತ್ತಿನಲ್ಲಿ ಏಳು ವಾಟ್ ಕಡಿಮೆ ಎಂದು ನನಗೆ ಅನಿಸಲೇ ಇಲ್ಲ.

ಇಂಥ ಕೆಲಸ ನಾನು ಮಾತ್ರ ಮಾಡಿದ್ದಲ್ಲ. 2001ರ ಭುಜ್ ಭೂಕಂಪದಲ್ಲಿ, 2004ರ ಸುನಾಮಿಯ ದಿನಗಳಲ್ಲಿ ಅಂಡಮಾನಿನಲ್ಲಿ, 2018ರ ಕೇರಳದ ಪ್ರವಾಹದಲ್ಲಿ, 2024ರ ವಯನಾಡ್ ಭೂಕುಸಿತದಲ್ಲಿ ಹ್ಯಾಮ್‌ಗಳು ದುಡಿದಿದ್ದಾರೆ. ಅಂಡಮಾನಿನಲ್ಲಿ ಆಗ ಪೋರ್ಟ್‌ಬ್ಲೇರಿನಿಂದ ಹಗಲಿರುಳು ಸಂದೇಶ ದಾಟಿಸಿದವರು ಭಾರತಿ ಪ್ರಸಾದ್ ಎಂಬ ಹೆಣ್ಣುಮಗಳು. ನಮ್ಮ ಶಾಲೆಯ ಹುಡುಗಿಯರಿಗೆ ನಾನು ಈ ಹೆಸರನ್ನು ತಪ್ಪದೆ ಹೇಳುತ್ತೇನೆ.

ಇನ್ನೊಂದು ವಿಷಯ ಕಟುವಾಗಿಯೇ ಬರೆಯುತ್ತೇನೆ. ಕೆಲವು ಹೋಂಸ್ಟೇ, ಜೀಪಿನವರು ಆನ್‌ಲೈನಿನಲ್ಲಿ ಸಿಗುವ ಅಗ್ಗದ ವಾಕಿಟಾಕಿ ತರಿಸಿಕೊಂಡು ಯಾವ ಪರವಾನಗಿಯೂ ಇಲ್ಲದೆ ಬಳಸುತ್ತಿದ್ದಾರೆ. ಅಗ್ಗಕ್ಕೆ ಸಿಕ್ಕಿತೆಂದ ಮಾತ್ರಕ್ಕೆ ಕಾನೂನು ಸಡಿಲವಾಗುವುದಿಲ್ಲ. ನಮ್ಮಲ್ಲಿ 446.0ರಿಂದ 446.2 ಮೆಗಾಹರ್ಟ್ಜ್ ನಡುವೆ ಕಡಿಮೆ ಶಕ್ತಿಯ ಸೆಟ್‌ಗಳಿಗೆ ಮಾತ್ರ ವಿನಾಯಿತಿ ಇದೆ. ಉಳಿದದ್ದಕ್ಕೆ ಲೈಸೆನ್ಸ್ ಬೇಕು. ಅನುಮತಿ ಇಲ್ಲದ ಸೆಟ್‌ಗಳ ಮಾರಾಟದ ಬಗ್ಗೆ 2025ರ ಮೇ ತಿಂಗಳಿನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಆನ್‌ಲೈನ್ ಮಾರಾಟ ತಾಣಗಳಿಗೆ ನೋಟಿಸ್ ಕೊಟ್ಟಿತ್ತು. ಯಾವ ಕಂಪನಾಂಕದಲ್ಲಿ ಯಾರ ಜೀವದ ಮಾತು ನಡೆಯುತ್ತಿದೆ ಎಂದು ತಿಳಿಯದೆ ಗುಂಡಿ ಒತ್ತುವುದು ಅಪಾಯ. ಹ್ಯಾಮ್ ಪರವಾನಗಿ ಇದ್ದರೂ ವ್ಯಾಪಾರದ ಮಾತಿಗೆ ಅದನ್ನು ಬಳಸುವಂತಿಲ್ಲ.

ಪರವಾನಗಿ ಪರೀಕ್ಷೆಗೆ ಹೆದರಬೇಕಾಗಿಲ್ಲ. 12 ವರ್ಷ ತುಂಬಿದವರು ಬರೆಯಬಹುದು. ಒಂದು ಭಾಗ ರೇಡಿಯೊ ಮತ್ತು ವಿದ್ಯುತ್ತಿನ ಸಿದ್ಧಾಂತ, ಇನ್ನೊಂದು ನಿಯಮಗಳು. ಹತ್ತನೇ ತರಗತಿಯಲ್ಲಿ ವಿದ್ಯುತ್ತು, ಕಾಂತೀಯ ಪರಿಣಾಮ ಎಂದು ನಾವು ಬೋರ್ಡಿನ ಮೇಲೆ ಬರೆಸುವುದು ಮೊದಲ ಭಾಗಕ್ಕೆ ಒಳ್ಳೆಯ ಅಡಿಪಾಯ. ಜನರಲ್ ದರ್ಜೆಗೆ ನಿಮಿಷಕ್ಕೆ ಎಂಟು ಪದದ ವೇಗದಲ್ಲಿ ಮೋರ್ಸ್, ಅಂದರೆ ಚುಕ್ಕೆ ಗೆರೆಗಳ ಸಂಕೇತಭಾಷೆ, ಬೇಕು, ರಿಸ್ಟ್ರಿಕ್ಟೆಡ್ ದರ್ಜೆಗೆ ಅದೂ ಬೇಡ. ತೊಂದರೆ ಇರುವುದು ಪರೀಕ್ಷೆ ನಡೆಯುವ ಊರು ದೂರವಿರುವುದರಲ್ಲಿ. ನಾನು ಮಂಗಳೂರಿಗೆ ಹೋಗಿ ಬರೆದೆ. ನನ್ನ ಜೊತೆ ಓದಿಕೊಂಡಿದ್ದ ಇಬ್ಬರು ಹುಡುಗಿಯರನ್ನು ಮನೆಯವರು ಘಾಟಿ ಇಳಿದು ಅಷ್ಟು ದೂರ ಕಳಿಸಲು ಒಪ್ಪಲಿಲ್ಲ. ಅವರಲ್ಲೊಬ್ಬಳಿಗೆ ನನಗಿಂತ ಚೆನ್ನಾಗಿ ಮೋರ್ಸ್ ಬರುತ್ತಿತ್ತು. ಈಗ ಭಾನುವಾರ ನಮ್ಮ ಮನೆಗೆ ಬಂದು ಕೂತು ಕೇಳುತ್ತಾಳೆ. ಪರವಾನಗಿ ಇಲ್ಲದ್ದರಿಂದ ನಾನು ಅವಳ ಕೈಗೆ ಮೈಕ್ ಕೊಡುವಂತಿಲ್ಲ. "ಟೀಚರ್, ಅವರು ಹೇಳಿದ್ದೆಲ್ಲ ನಂಗೆ ಗೊತ್ತಾಗ್ತದೆ, ಉತ್ತರ ಕೊಡೋಕೆ ಮಾತ್ರ ಆಗಲ್ಲ" ಎನ್ನುತ್ತಾಳೆ. ಆ ಮಾತು ಕೇಳಿದಾಗೆಲ್ಲ ನನಗೆ ಸಂಕಟವಾಗುತ್ತದೆ.

ಆದ್ದರಿಂದ ನನ್ನ ಕೋರಿಕೆ ಇಷ್ಟು. ಮಳೆ ಬಿಟ್ಟ ಮೇಲೆ, ಅಡಿಕೆ ಕೊಯ್ಲಿನ ಗಡಿಬಿಡಿಗೆ ಮೊದಲು, ವರ್ಷಕ್ಕೊಮ್ಮೆಯಾದರೂ ಈ ಪರೀಕ್ಷೆ ಶಿವಮೊಗ್ಗದಲ್ಲಿ ನಡೆಯುವಂತೆ ಜಿಲ್ಲಾಡಳಿತ ಕೇಂದ್ರದ ಸಂಬಂಧಪಟ್ಟ ಇಲಾಖೆಗೆ ಬರೆಯಲಿ. ತೀರ್ಥಹಳ್ಳಿ, ಹೊಸನಗರ, ಸಾಗರ ತಾಲ್ಲೂಕುಗಳ ಮಳೆಗಾಲದ ತಯಾರಿ ಸಭೆಗೆ ಆಯಾ ತಾಲ್ಲೂಕಿನ ಹ್ಯಾಮ್‌ಗಳನ್ನೂ ಕರೆಯಲಿ, ನಮ್ಮ ಕರೆಸಂಕೇತ (ರೇಡಿಯೊದಲ್ಲಿ ನಮ್ಮನ್ನು ಗುರುತಿಸುವ ಹೆಸರು) ಮತ್ತು ಕೇಳುವ ಸಮಯವನ್ನು ಬರೆದಿಟ್ಟುಕೊಳ್ಳಲಿ. ಹೋಬಳಿಗೊಬ್ಬ ಶಿಕ್ಷಕರೋ ತೋಟದ ಯುವಕರೋ ಪರವಾನಗಿ ಪಡೆದರೆ ಸಾಕು, ಎಲ್ಲರೂ ದುಬಾರಿ ಸೆಟ್ ಕೊಳ್ಳಬೇಕಾಗಿಲ್ಲ. ನಿಮ್ಮ ಪತ್ರಿಕೆ ಪರೀಕ್ಷೆಯ ದಿನಾಂಕಗಳನ್ನು ಜಿಲ್ಲಾ ಪುಟದಲ್ಲಿ ಹಾಕಿದರೆ ಉಪಕಾರ. ಹುಡುಗ ಹುಡುಗಿಯರಿಗೆ ಪಾಠ ಹೇಳಿಕೊಡಲು, ತೋಟಕ್ಕೆ ಬಂದು ಅಂಟೆನಾ ಕಟ್ಟಿಸಿಕೊಡಲು ನಾನು ಸಿದ್ಧಳಿದ್ದೇನೆ. ನನ್ನ ವಿಳಾಸವನ್ನು ನಿಮ್ಮ ಶಿವಮೊಗ್ಗ ಕಚೇರಿಗೆ ಕೊಟ್ಟಿದ್ದೇನೆ, ಕೇಳಿದವರಿಗೆ ದಯವಿಟ್ಟು ತಿಳಿಸಿ.

ಇತಿ ತಮ್ಮ ವಿಶ್ವಾಸಿ,
ವಿಜ್ಞಾನ ಶಿಕ್ಷಕಿ
ನಗರ ಹೋಬಳಿ, ಹೊಸನಗರ ತಾಲ್ಲೂಕು, ಶಿವಮೊಗ್ಗ ಜಿಲ್ಲೆ